ಕೋಳಿ ಮಾಂಸದ ಹಸಿರುಮನೆ ಅನಿಲ: ಶೆಡ್ಡಿನವರ ಕೈಯಲ್ಲಿ ಇರುವುದೆಷ್ಟು?

ಬನವಾಸಿ ದಾರಿ (ಶಿರಸಿ)
ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯಲ್ಲಿ ನಮ್ಮದು ಐದು ಸಾವಿರ ಬ್ರಾಯ್ಲರ್ ಹಿಡಿಯುವ ಶೆಡ್ ಇದೆ. ಮರಿ, ಫೀಡ್, ಔಷಧ ಕಂಪನಿಯದು. ಶೆಡ್, ನೀರು, ಕರೆಂಟು, ಗ್ಯಾಸು, ದುಡಿಮೆ ನಮ್ಮದು. ಬಂದ ತೂಕಕ್ಕೆ ಸಾಕಣೆ ಕೂಲಿ. ಇನ್ನು ಮುಂದೆ ಪ್ರತಿ ಶೆಡ್ಡಿನ ಇಂಗಾಲದ ಲೆಕ್ಕವನ್ನು ಬರೆದುಕೊಡಬೇಕಾದೀತು ಎಂದು ಕಂಪನಿಯ ಸೂಪರ್‌ವೈಸರ್ ಹೋದ ವಾರ ಹೇಳಿ ಹೋಗಿದ್ದಾರೆ. ಇದನ್ನು ಕೇಳಿದ ಕೂಡಲೇ ಬೆಂಗಳೂರಿನಲ್ಲಿರುವ ನಮ್ಮ ಭಾವ, ಸಾಲ ಮಾಡಿಯಾದರೂ ಛಾವಣಿಗೆ ಸೌರಫಲಕ ಹಾಕಿಸಿಬಿಡು ಎಂದು ದುಂಬಾಲು ಬಿದ್ದಿದ್ದಾರೆ.

ನಮ್ಮದು ಪಕ್ಕ ತೆರೆದ, ಪರದೆ ಇಳಿಬಿಡುವ ಮಾಮೂಲಿ ಶೆಡ್. ಕರೆಂಟು ತಿಂಗಳಿಗೆ 200 ಯೂನಿಟ್ಟಿನ ಆಸುಪಾಸು. ಮರಿಗಳಿಗೆ ಕಾವು ಕೊಡಲು ಒಂದು ಬ್ಯಾಚಿಗೆ 19 ಕೆ.ಜಿ.ಯ ಸಿಲಿಂಡರ್ ಐದಾದರೂ ಬೇಕು. ಎಫ್‌ಸಿಆರ್ 1.75ರ ಹತ್ತಿರ ನಿಲ್ಲುತ್ತದೆ (ಅಂದರೆ ಒಂದು ಕೆ.ಜಿ. ತೂಕ ಬರಲು ಅಷ್ಟು ಕೆ.ಜಿ. ಫೀಡ್), ಮಳೆಗಾಲದಲ್ಲಿ 1.8 ದಾಟಿದ್ದೂ ಉಂಟು. ನಿಜವಾಗಿ ಅನಿಲ ಕಡಿಮೆಯಾಗಬೇಕಾದರೆ ನನ್ನಂಥವನು ಮೊದಲು ಹಣ ಹಾಕಬೇಕಾದದ್ದು ಎಲ್ಲಿಗೆ? ಅನುಭವ ಇದ್ದವರು ದಯವಿಟ್ಟು ತಿಳಿಸಬೇಕು.

ಕಾಳಿ ದಂಡೆ (ಕಾರವಾರ)
ಶೆಡ್ಡಿನಲ್ಲಿ ಹುಡುಕುವುದಕ್ಕಿಂತ ರಸ್ತೆಯ ಮೇಲೆ ನೋಡಿ. ಕಾರವಾರದ ಅಂಗಡಿಗಳಿಗೆ ಬರುವ ಕೋಳಿಯಲ್ಲಿ ಬಹುಪಾಲು ಘಟ್ಟದ ಮೇಲಿನದು. ಹುಬ್ಬಳ್ಳಿ ಕಡೆಯಿಂದ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಬರುತ್ತದೆ, ಲಾರಿ ಖಾಲಿಯಾಗಿ ಮತ್ತೆ ಅದೇ ಘಟ್ಟ ಹತ್ತುತ್ತದೆ. ಆ ಡೀಸೆಲ್ಲಿನ ಮುಂದೆ ನಿಮ್ಮ ಬಲ್ಬು, ಸಿಲಿಂಡರ್ ಯಾವ ಲೆಕ್ಕ? ಕರಾವಳಿಯಲ್ಲಿಯೇ ಸಾಕುವ ವ್ಯವಸ್ಥೆಯಾದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ನಿವೃತ್ತ ಪಶುವೈದ್ಯ (ಕುಮಟಾ)
ಕಾರವಾರದ ಮಿತ್ರರ ಅಭಿಪ್ರಾಯ ಖಚಿತವಾಗಿದೆ, ಆದರೆ ಲೆಕ್ಕ ಅದಕ್ಕೆ ಒಪ್ಪುವುದಿಲ್ಲ. ಹುಬ್ಬಳ್ಳಿ–ಕಾರವಾರ ಹೋಗಿಬರಲು ಸುಮಾರು 330 ಕಿ.ಮೀ. ಘಟ್ಟದ ದಾರಿಯಾದ್ದರಿಂದ ಲೀಟರಿಗೆ ಐದೇ ಕಿ.ಮೀ. ಎಂದು ಹಿಡಿಯೋಣ, 66 ಲೀಟರ್ ಡೀಸೆಲ್ ಆಯಿತು. ಒಂದು ಲೀಟರ್ ಉರಿದರೆ ಹತ್ತಿರಹತ್ತಿರ 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್, ಒಟ್ಟು 178 ಕೆ.ಜಿ. ಲಾರಿಯಲ್ಲಿ ಮೂರು ಟನ್ ಜೀವಂತ ಕೋಳಿ ಇದ್ದರೆ ಕೆ.ಜಿ.ಗೆ ಬೀಳುವುದು 60 ಗ್ರಾಂ ಮಾತ್ರ.

ಇದಕ್ಕೆ ಎದುರಾಗಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಹಂದಿ ಮತ್ತು ಕೋಳಿ ಉತ್ಪಾದನೆಯ ಬಗ್ಗೆ ಪ್ರಕಟಿಸಿದ ವರದಿಯನ್ನು ನೋಡಿ. ಒಂದು ಕೆ.ಜಿ. ಕೋಳಿ ಮಾಂಸದ ಹಿಂದೆ, ಜಾಗತಿಕ ಸರಾಸರಿಯಲ್ಲಿ, 5.4 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಇದೆ ಎಂದು ಅದು ಹೇಳುತ್ತದೆ. ಕೋಳಿಗೆ ಮೆಲುಕು ಹಾಕುವ ಹೊಟ್ಟೆ ಇಲ್ಲ, ಆದ್ದರಿಂದ ದನ, ಕುರಿ, ಆಡುಗಳಂತೆ ತೇಗಿನಲ್ಲಿ ಮಿಥೇನ್ ಬಿಡುವುದಿಲ್ಲ. ಕುರಿ–ಆಡಿನ ಮಾಂಸದ ಅಂಕಿ ಅದೇ ಕ್ರಮದ ಲೆಕ್ಕದಲ್ಲಿ 20 ದಾಟುತ್ತದೆ. ಕೋಳಿಯ 5.4ರಲ್ಲಿ ಶೇ. 78ರಷ್ಟು, ಅಂದರೆ ಸುಮಾರು 4.2 ಕೆ.ಜಿ., ಅದು ತಿನ್ನುವ ಆಹಾರವನ್ನು ಬೆಳೆಯುವಲ್ಲಿ ಮತ್ತು ತಯಾರಿಸುವಲ್ಲಿ ಆಗಿಹೋಗಿರುತ್ತದೆ. ಗೊಬ್ಬರದ ಪಾಲು ಶೇ. 6ರಷ್ಟು.

ಈಗ ಬನವಾಸಿಯವರ ಶೆಡ್ಡಿಗೆ ಬರೋಣ. ಐದು ಸಾವಿರ ಕೋಳಿ, ತಲಾ ಎರಡು ಕೆ.ಜಿ., ಹತ್ತು ಟನ್ ಜೀವಂತ ತೂಕ, ಏಳು ಟನ್ ಮಾಂಸ. ಎಫ್‌ಸಿಆರ್ 1.75ರಿಂದ 1.65ಕ್ಕೆ ಇಳಿದರೆ ಒಂದು ಬ್ಯಾಚಿನಲ್ಲಿ ಒಂದು ಟನ್, ಎಂದರೆ 50 ಕೆ.ಜಿ.ಯ ಇಪ್ಪತ್ತು ಚೀಲ ಫೀಡ್ ಉಳಿಯಿತು. ಮೇಲಿನ ಸರಾಸರಿಯಂತೆ ಅದರ ಹಿಂದಿನ ಅನಿಲ ಸುಮಾರು 1.7 ಟನ್. ಐದು ಸಿಲಿಂಡರ್ ಉರಿದರೆ ಹೊರಡುವುದು 285 ಕೆ.ಜಿ. ಎರಡು ತಿಂಗಳ ನಾನೂರು ಯೂನಿಟ್ ಕರೆಂಟಿಗೆ, ನಮ್ಮ ದೇಶದ ಗ್ರಿಡ್ಡಿನ ಸರಾಸರಿ ಯೂನಿಟ್ಟಿಗೆ 0.7 ಕೆ.ಜಿ.ಯಂತೆ, 280 ಕೆ.ಜಿ. ಎರಡನ್ನೂ ಪೂರ್ತಿ ಸೊನ್ನೆಗೆ ತಂದರೂ ಎಫ್‌ಸಿಆರ್‌ನ ಆ ಒಂದು ದಶಾಂಶದ ಅರ್ಧಕ್ಕೂ ಬರುವುದಿಲ್ಲ.

ದೇವಿಮನೆ ತಿರುವು (ಶಿರಸಿ)
ಹಾಗಾದರೆ ಭಾವನ ಸೌರಫಲಕಕ್ಕೆ ಸದ್ಯ ಸಾಲ ಬೇಕಿಲ್ಲ ಎನ್ನಿ.

ಗೋವಿನಜೋಳದ ಹೊಲ (ಹಾವೇರಿ)
ಡಾಕ್ಟರೇ, ನಿಮ್ಮ ದಾರಿ ಸರಿ, ಆದರೆ 4.2 ಎಂಬ ಅಂಕಿಯನ್ನು ಹಾಗೆಯೇ ಬನವಾಸಿಗೆ ತಂದು ಹಚ್ಚಲು ಬರುವುದಿಲ್ಲ. ಆ ಶೇ. 78ರೊಳಗೆ ಶೇ. 21ರಷ್ಟು ಸೋಯಾಬೀನ್ ಬೆಳೆ ವಿಸ್ತರಣೆಗಾಗಿ ಕಾಡು, ಹುಲ್ಲುಗಾವಲು ಹೋದದ್ದರ ಲೆಕ್ಕ, ಅದು ಮುಖ್ಯವಾಗಿ ದಕ್ಷಿಣ ಅಮೆರಿಕದ ಕಥೆ. ನಮ್ಮಲ್ಲಿ ಫೀಡಿಗೆ ಹೋಗುವ ಸೋಯಾ ಹಿಂಡಿ ಹೆಚ್ಚಾಗಿ ಮಧ್ಯಪ್ರದೇಶ, ಮಹಾರಾಷ್ಟ್ರ ಮತ್ತು ನಮ್ಮ ಉತ್ತರ ಕರ್ನಾಟಕದ ಹಳೆಯ ಹೊಲಗಳದ್ದು. 2021ರಲ್ಲಿ ಬೆಲೆ ವಿಪರೀತ ಏರಿದಾಗ ಕೇಂದ್ರ ಸರ್ಕಾರ 12 ಲಕ್ಷ ಟನ್ ಹಿಂಡಿಯ ಆಮದಿಗೆ ಅನುಮತಿ ಕೊಟ್ಟಿತ್ತು, ನಿಜ. ಅದು ಆ ಹೊತ್ತಿನ ವಿನಾಯಿತಿ. ಆದ್ದರಿಂದ ಉಳಿದ ಶೇ. 57ನ್ನು ಮಾತ್ರ ಹಿಡಿಯಬೇಕು. ಆಗ ನಿಮ್ಮ 1.7 ಟನ್ 1.2 ಟನ್ನಿಗೆ ಇಳಿಯುತ್ತದೆ.

ಇಳಿದರೂ ಅದೇ ದೊಡ್ಡದು ಎಂಬುದರಲ್ಲಿ ತಕರಾರಿಲ್ಲ. ಆ ಶೇ. 57ರಲ್ಲಿ ಏನಿದೆ ಎಂದು ಕೇಳಿದರೆ, ಹೇಳಲು ಮುಜುಗರವಾದರೂ, ನಮ್ಮ ಯೂರಿಯಾ ಇದೆ. ಗೋವಿನಜೋಳಕ್ಕೆ ನಾವು ಚೀಲ ಲೆಕ್ಕದಲ್ಲಿ ಎರಚುತ್ತೇವೆ. ಮಳೆ ಹಿಡಿದಾಗ ಗಿಡಕ್ಕೆ ದಕ್ಕುವುದು ಒಂದು ಪಾಲು, ಹೊಲದಿಂದ ನೈಟ್ರಸ್ ಆಕ್ಸೈಡ್ ಆಗಿ ಹಾರುವುದು ಇನ್ನೊಂದು ಪಾಲು. ಆ ಹಾರುವ ಪಾಲು ಚಿಕ್ಕದೇ, ಆದರೆ ನೂರು ವರ್ಷದ ಅಳತೆಯಲ್ಲಿ ಅದರ ಒಂದು ಕೆ.ಜಿ. ಇಂಗಾಲದ ಡೈಆಕ್ಸೈಡಿನ 273 ಕೆ.ಜಿ.ಗೆ ಸಮ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ಆರನೆಯ ವರದಿ ಹೇಳುತ್ತದೆ. ಯೂರಿಯಾ ತಯಾರಿಸುವಾಗ ಉರಿಯುವ ನೈಸರ್ಗಿಕ ಅನಿಲ ಬೇರೆ. ಒಂದೇ ಸಲ ಸುರಿಯುವುದನ್ನು ಬಿಟ್ಟು ಬೆಳೆಯ ಹಂತ ನೋಡಿ ಎರಡು ಮೂರು ಸಲ ಕೊಟ್ಟರೆ, ಬೇವು ಲೇಪಿತವನ್ನು ಮಣ್ಣಿನೊಳಗೆ ಸೇರಿಸಿದರೆ, ನಿಮ್ಮ ಕೋಳಿಯ ಅನಿಲ ನಮ್ಮ ಹೊಲದಲ್ಲಿಯೇ ಇಳಿಯುತ್ತದೆ. ಆದರೆ ಹಾಗೆ ಬೆಳೆದ ಕಾಳಿಗೆ ಮಾರುಕಟ್ಟೆಯಲ್ಲಿ ಒಂದು ರೂಪಾಯಿ ಹೆಚ್ಚು ಕೊಡುವವರು ಯಾರು? ಈಗಂತೂ ಎಥನಾಲ್ ಕಾರ್ಖಾನೆಗಳು ಗೋವಿನಜೋಳಕ್ಕೆ ಕೈಯೊಡ್ಡಿರುವುದರಿಂದ ಕಾಳು ಹೇಗೆ ಬೆಳೆಯಿತೆಂದು ಕೇಳುವ ವ್ಯವಧಾನ ಯಾರಿಗೂ ಇಲ್ಲ.

ಪರದೆ ಎತ್ತುವವಳು (ಮುಂಡಗೋಡ)
ಎಫ್‌ಸಿಆರ್ ಇಳಿಸಿ ಎಂದು ಹೇಳುವುದು ಸುಲಭ. ಹೇಗೆಂದು ಹೇಳುವವರು ಕಡಿಮೆ, ಆದ್ದರಿಂದ ಶೆಡ್ಡಿನೊಳಗೆ ನಿಂತು ನೋಡಿದ್ದನ್ನು ಬರೆಯುತ್ತೇನೆ.

ಮೊದಲನೆಯದು ಚೆಲ್ಲುವ ಫೀಡ್. ಫೀಡರಿನ ಅಂಚು ಕೋಳಿಯ ಬೆನ್ನಿನ ಎತ್ತರಕ್ಕೆ ಇರಬೇಕು. ಕೋಳಿ ಬೆಳೆದಂತೆ ಹಗ್ಗ ಎತ್ತುತ್ತಾ ಹೋಗಬೇಕು. ನಾವು ಎತ್ತುವುದನ್ನು ಮರೆತರೆ ಕೊಕ್ಕಿನಲ್ಲಿ ಕೆದರಿ ನೆಲಕ್ಕೆ ಹಾಸಿದ ಹೊಟ್ಟಿಗೆ ಬೀಳಿಸುತ್ತವೆ. ಫೀಡರನ್ನು ಕಂಠಮಟ್ಟ ತುಂಬುವುದೂ ಅಷ್ಟೇ ಕೆಟ್ಟದ್ದು. ಮಳೆಗಾಲದಲ್ಲಿ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗಿಸಿ ಒಟ್ಟಿದರೆ ಒಳಗೆ ಬೂಸು ಹಿಡಿಯುತ್ತದೆ, ಬೂಸು ಹಿಡಿದ ಗೋವಿನಜೋಳದ ಅಫ್ಲಾಟಾಕ್ಸಿನ್ ಎಂಬ ವಿಷ ಕೋಳಿಯ ಯಕೃತ್ತನ್ನು ಹಾಳುಮಾಡುತ್ತದೆ, ಆಮೇಲೆ ತಿಂದದ್ದು ಮೈಗೆ ಹತ್ತುವುದಿಲ್ಲ. ಬನವಾಸಿಯವರ ಮಳೆಗಾಲದ 1.8ಕ್ಕೆ ಇದೂ ಒಂದು ಕಾರಣವಿರಬಹುದು. ಹಲಗೆಯ ಅಟ್ಟಣಿಗೆಗೆ ತಗಲುವ ಖರ್ಚು ಎಷ್ಟಿದ್ದೀತು?

ಎರಡನೆಯದು ಸಾವು. ಮೊದಲ ವಾರ ಸತ್ತ ಮರಿ ತಿಂದಿರುವುದು ಹಿಡಿಯಷ್ಟು. ಐದನೆಯ ವಾರ ಸತ್ತ ಕೋಳಿ ಎರಡೂವರೆ ಕೆ.ಜಿ.ಗೂ ಹೆಚ್ಚು ಫೀಡನ್ನು ಹೊಟ್ಟೆಯಲ್ಲಿಟ್ಟುಕೊಂಡು ಗುಂಡಿಗೆ ಹೋಗುತ್ತದೆ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಫೀಡರ್ ಮೇಲೆತ್ತಿ, ತಂಪು ಹೊತ್ತಿನಲ್ಲಿ ತಿನ್ನಿಸಿ, ಛಾವಣಿಗೆ ಸುಣ್ಣ ಬಳಿದು ಮೇಲೆ ಅಡಿಕೆ ಸೋಗೆ ಹೊದಿಸಿದರೆ ಸಾಯುವುದು ಗಣನೀಯವಾಗಿ ಕಡಿಮೆಯಾಗುತ್ತದೆ. ಕರಾವಳಿಯಲ್ಲಿ ಶೆಡ್ ಹಾಕಬೇಕೆನ್ನುವ ಕಾರವಾರದ ಅಣ್ಣನವರು ಒಂದು ಮಾತು ಕೇಳಬೇಕು. ಕೋಳಿಗೆ ಬೆವರಿಲ್ಲ, ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಗಾಳಿಯಲ್ಲಿ ಆಗಲೇ ತೇವ ತುಂಬಿರುವ ನಿಮ್ಮ ಊರಿನಲ್ಲಿ ಆ ಏದುಸಿರಿನಿಂದಲೂ ಪ್ರಯೋಜನವಿಲ್ಲ, ಮಂಜು ಹಾರಿಸುವ ಫಾಗರ್ ಹಾಕಿದರೆ ತೇವ ಇನ್ನಷ್ಟು ಏರುತ್ತದೆ. ಅಲ್ಲಿ ಬೇಕಾದದ್ದು ದೊಡ್ಡ ಫ್ಯಾನು, ಅದಕ್ಕೆ ಕರೆಂಟು.

ಮೂರನೆಯದು ಕಾವು. ಇಡೀ ಶೆಡ್ಡಿಗೆ ಕಾವು ಕೊಡದೆ ಮೂರನೆಯ ಒಂದು ಪಾಲನ್ನು ತಾಡಪಾಲಿನಿಂದ ಅಡ್ಡಗಟ್ಟಿ, ಮೇಲೂ ಒಂದು ಹೊದಿಕೆ ಎಳೆದು, ಮರಿ ಬೆಳೆದಂತೆ ಜಾಗ ಬಿಡುತ್ತಾ ಹೋದರೆ ಗ್ಯಾಸು ಎದ್ದು ಕಾಣುವಷ್ಟು ಉಳಿಯುತ್ತದೆ. ಆದರೆ ಗ್ಯಾಸು ಉಳಿಸುವ ಆಸೆಗೆ ಪೂರ್ತಿ ಮುಚ್ಚಿ ಗಾಳಿಯಾಡದಂತೆ ಮಾಡಬಾರದು. ಅಮೋನಿಯಾ ಕಣ್ಣಿಗೆ ಉರಿ ಹತ್ತಿಸಿದ ಮೇಲೆ ಆ ಬ್ಯಾಚು ಚೇತರಿಸಿಕೊಳ್ಳುವುದಿಲ್ಲ.

ಬೇಲೇಕೇರಿ ಗಾಳಿ (ಅಂಕೋಲಾ)
ಇಷ್ಟೆಲ್ಲ ಕಸರತ್ತು ಬ್ರಾಯ್ಲರಿಗೆ ಏಕೆ ಬೇಕು? ನಾಟಿ ಕೋಳಿ ಸಾಕಿ. ಗ್ಯಾಸಿಲ್ಲ, ಫ್ಯಾನಿಲ್ಲ, ಫೀಡಿಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ ಯಾವ ಇಂಗಾಲದ ಲೆಕ್ಕವಿತ್ತು?

ನಿವೃತ್ತ ಪಶುವೈದ್ಯ (ಕುಮಟಾ)
ಹಿತ್ತಲಿನಲ್ಲಿ ಹತ್ತು ಹನ್ನೆರಡು ಕೋಳಿ ಹುಳ, ಗೆದ್ದಲು, ಚೆಲ್ಲಿದ ಅನ್ನ ಹೆಕ್ಕಿ ಬೆಳೆಯುವವರೆಗೆ ಅಂಕೋಲೆಯವರ ಮಾತು ನೂರಕ್ಕೆ ನೂರು ನಿಜ. ಅದಕ್ಕಾಗಿ ಯಾರೂ ಯೂರಿಯಾ ಎರಚಿಲ್ಲ. ಬೇಡಿಕೆ ಇದೆಯೆಂದು ಐನೂರು ನಾಟಿ ಕೋಳಿಯನ್ನು ಬೇಲಿಯೊಳಗೆ ಕೂಡಿಹಾಕಿ ಚೀಲದ ಫೀಡ್ ಸುರಿಯಲು ತೊಡಗಿದ ದಿನ ಲೆಕ್ಕ ತಿರುಗುತ್ತದೆ. ಬ್ರಾಯ್ಲರ್ ಆರು ವಾರದೊಳಗೆ ಎರಡು ಕೆ.ಜಿ. ಮುಟ್ಟುತ್ತದೆ, ನಾಟಿ ಕೋಳಿಗೆ ಅದರ ಹಲವು ಪಟ್ಟು ಕಾಲ ಬೇಕು, ಆ ಕಾಲವೆಲ್ಲ ಓಡಾಟಕ್ಕೂ ಮೈಕಾವಿಗೂ ತಿನ್ನುತ್ತಲೇ ಇರುತ್ತದೆ. ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ಗಿರಿರಾಜ, ಸ್ವರ್ಣಧಾರಾ ತಳಿಗಳು ನಡುವಿನ ದಾರಿ, ಹಿತ್ತಲಿಗೆ ಅವು ಒಳ್ಳೆಯವು. ದೇಶದ ಮಾಂಸದಲ್ಲಿ ಹತ್ತಿರಹತ್ತಿರ ಅರ್ಧ, 2023–24ರ ಸರ್ಕಾರಿ ಅಂಕಿಯಂತೆ ಶೇ. 48.96, ಕೋಳಿಯದು. ಅಷ್ಟನ್ನೂ ಹಿತ್ತಲಿನಿಂದ ತರುವ ಮಾತು ಆಗಿಹೋಗದು.

ಬೇಲೇಕೇರಿ ಗಾಳಿ (ಅಂಕೋಲಾ)
ಅಷ್ಟನ್ನೂ ತಿನ್ನಲೇಬೇಕೆಂದು ಯಾರು ಹೇಳಿದರು? ವಾರಕ್ಕೆ ಒಂದು ದಿನ ತಿನ್ನುತ್ತಿದ್ದವರು ನಾಲ್ಕು ದಿನ ತಿನ್ನುತ್ತಿದ್ದೇವೆ. ಎಫ್‌ಸಿಆರ್‌ನ ಒಂದು ದಶಾಂಶ ಇಳಿಸಿ ಮಾಂಸದ ಪ್ರಮಾಣವನ್ನು ಇಮ್ಮಡಿ ಮಾಡಿದರೆ ಒಟ್ಟು ಅನಿಲ ಎಲ್ಲಿ ಇಳಿಯಿತು, ಡಾಕ್ಟರೇ? ಇದಕ್ಕೆ ಉತ್ತರ ಕೊಡಿ.

ಇನ್ನೊಂದು ವಿಷಯ. ಸೋಯಾ ಬದಲು ಮೀನಿನ ಪುಡಿ ಹಾಕಿದರೆ ಹೇಗೆ? ನಮ್ಮ ಕಡೆ ಬಂದರಿನಲ್ಲಿ ಮಾರಾಟವಾಗದ ಮೀನು ಬೇಕಾದಷ್ಟು ಇರುತ್ತದೆ.

ಕಾಳಿ ದಂಡೆ (ಕಾರವಾರ)
ಮಾರಾಯರೇ, ಆ ಮೀನನ್ನು ಹಿಡಿಯಲು ದೋಣಿಗೆ ಹೋದ ಡೀಸೆಲ್ ಲೆಕ್ಕಕ್ಕಿಲ್ಲವೇ? ಪುಡಿಗೆ ಬೇಡಿಕೆ ಹೆಚ್ಚಿದಂತೆ ಮರಿ ತಾರ್ಲೆಯನ್ನೂ ಬಿಡದೆ ಬಾಚುತ್ತಾರೆ, ಬಡವರ ತಟ್ಟೆಯ ಮೀನು ಕೋಳಿಯ ಹೊಟ್ಟೆಗೆ ಹೋಗುತ್ತದೆ. ಮೀನು ಮಾರುಕಟ್ಟೆಯ ತಲೆ, ಕರುಳನ್ನು ಬ್ಲಾಕ್ ಸೋಲ್ಜರ್ ಎಂಬ ನೊಣದ ಹುಳುಗಳಿಗೆ ತಿನ್ನಿಸಿ ಆ ಹುಳುವನ್ನು ಕೋಳಿಗೆ ಕೊಡುವ ಕ್ರಮ ಉಂಟು. ಮೀನು ಪುಡಿಗಿಂತ ಅದನ್ನು ನಾನು ಮೆಚ್ಚುತ್ತೇನೆ. ಡೀಸೆಲ್ ವಿಷಯದಲ್ಲಿ ಡಾಕ್ಟರು ಕೊಟ್ಟ 60 ಗ್ರಾಂ ಕಾಗದದ ಮೇಲೆ ಇರಲಿ. ದಾರಿಯಲ್ಲಿ ಬಿಸಿಲಿಗೆ ಸತ್ತ ಕೋಳಿಯನ್ನು ಅವರು ಅದರಲ್ಲಿ ಸೇರಿಸಿಲ್ಲ. 2024ರ ಜುಲೈಯಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದಾಗ ಸುತ್ತುದಾರಿ ಹಿಡಿದ ಲಾರಿಗಳ ಪಾಡೇನು?

ನಿವೃತ್ತ ಪಶುವೈದ್ಯ (ಕುಮಟಾ)
ದಾರಿಯಲ್ಲಿ ಸತ್ತದ್ದನ್ನು ಸೇರಿಸಬೇಕೆಂಬುದು ನ್ಯಾಯವಾದ ಮಾತು. ಆದರೆ ಆಗಲೂ ನಷ್ಟವಾದದ್ದು ಆ ಕೋಳಿ ತಿಂದಿದ್ದ ಫೀಡೇ ಹೊರತು ಡೀಸೆಲ್ ಅಲ್ಲ. ರಾತ್ರಿ ಸಾಗಿಸಿ, ಟ್ರೇಯಲ್ಲಿ ಕಿಕ್ಕಿರಿಯದಂತೆ ತುಂಬಿದರೆ ಅದು ತಪ್ಪುತ್ತದೆ. ಅಂಕೋಲೆಯವರ ಪ್ರಶ್ನೆ ತಿನ್ನುವವರಿಗೆ ಸಂಬಂಧಿಸಿದ್ದು, ಸಾಕುವವರ ಕೈಯಲ್ಲಿ ಅದಕ್ಕೆ ಉತ್ತರವಿಲ್ಲ. ಕುರಿ ಬಿಟ್ಟು ಕೋಳಿಗೆ ಬಂದವನಿಂದ ಅನಿಲ ಇಳಿಯಿತು, ಬೇಳೆ ಬಿಟ್ಟು ಕೋಳಿಗೆ ಬಂದವನಿಂದ ಏರಿತು.

ಸೋಂದೆಯ ತೋಟ (ಶಿರಸಿ)
ಕೋಳಿ ತಿನ್ನದವನ ಮಾತಿಗೆ ಇಲ್ಲಿ ಬೆಲೆ ಇದ್ದರೆ ಒಂದಿಷ್ಟು ಹೇಳುತ್ತೇನೆ. ನಮ್ಮ ಅಡಿಕೆ ತೋಟಕ್ಕೆ ಕೋಳಿ ಗೊಬ್ಬರ ತರಿಸುತ್ತೇವೆ, ಮಡಿವಂತರ ಮನೆಗಳಲ್ಲಿ ಇದನ್ನು ಗಟ್ಟಿಯಾಗಿ ಹೇಳುವುದಿಲ್ಲ ಅಷ್ಟೇ. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯಲು, ದರಕು ಗುಡಿಸಲು ಆಳು ಸಿಗದೆ ಕೊಟ್ಟಿಗೆಗಳು ಖಾಲಿಯಾದ ಮೇಲೆ ಬೇರೆ ದಾರಿ ಇರಲಿಲ್ಲ. ನಮ್ಮ ಪ್ರಶ್ನೆ ಇಷ್ಟೇ: ಒಂದು ಲಾರಿ ಕೋಳಿ ಗೊಬ್ಬರ ಹಾಕಿ ನಾವು ಯೂರಿಯಾ ಕಡಿಮೆ ಮಾಡಿದರೆ, ಆ ಉಳಿತಾಯ ಬನವಾಸಿಯವರ ಖಾತೆಗೋ, ನಮ್ಮ ಖಾತೆಗೋ?

ಗೊಬ್ಬರ ಕೊಡುವವರು ಮಳೆಯಲ್ಲಿ ಅದನ್ನು ಬಯಲಿನಲ್ಲಿ ರಾಶಿ ಹಾಕುವುದನ್ನು ಮೊದಲು ನಿಲ್ಲಿಸಬೇಕು. ನೆನೆದ ರಾಶಿಯಿಂದ ಅರ್ಧ ಸತ್ವ ಗಾಳಿಗೆ, ಇನ್ನರ್ಧ ಹಳ್ಳಕ್ಕೆ ಹೋಗುತ್ತದೆ. ನಮಗೆ ಸಿಗುವುದು ಬರಿಯ ಹೊಟ್ಟು.

ಪರದೆ ಎತ್ತುವವಳು (ಮುಂಡಗೋಡ)
ರಾಶಿಯ ಮಾತು ಸರಿ. ಶೆಡ್ಡಿನೊಳಗೂ ಅದೇ ನಿಯಮ: ಹೊಟ್ಟಿನ ಹಾಸನ್ನು ಹಿಡಿಯಲ್ಲಿ ಅದುಮಿ ಬಿಟ್ಟರೆ ಉದುರಬೇಕು, ಉಂಡೆ ಕಟ್ಟಿದರೆ ತೇವ ಹೆಚ್ಚಿದೆ. ಗಂಟೆಯಾಕಾರದ ಡ್ರಿಂಕರ್ ತೆಗೆದು, ಕೊಕ್ಕು ತಾಗಿದಾಗ ಮಾತ್ರ ನೀರು ಬಿಡುವ ನಿಪ್ಪಲ್ ಹಾಕಿದ ಮೇಲೆ ನಮ್ಮ ಶೆಡ್ಡಿನ ಹಾಸು ಮಳೆಗಾಲದಲ್ಲಿಯೂ ಒಣಗಿಯೇ ಇರುತ್ತದೆ. ಬನವಾಸಿಯವರೇ, ಸೌರಫಲಕದ ಹಣದಲ್ಲಿ ಸಣ್ಣ ಪಾಲನ್ನು ನಿಪ್ಪಲ್ ಲೈನಿಗೆ ಹಾಕಿ.

ಹೊನ್ನಾವರ ಸೇತುವೆ
ಕೋಳಿ ಕತ್ತರಿಸಿದ ಮೇಲಿನ ಕಥೆಯನ್ನು ಯಾರೂ ಎತ್ತಲಿಲ್ಲ. ಜೀವಂತ ತೂಕದ ಶೇ. 30ರಷ್ಟು ಪುಕ್ಕ, ಕರುಳು, ರಕ್ತವಾಗಿ ಹೋಗುತ್ತದೆ. ಅದನ್ನು ಚೀಲದಲ್ಲಿ ಕಟ್ಟಿ ಘಟ್ಟದ ತಿರುವಿನಲ್ಲಿ ಎಸೆಯುವವರಿಗೆ ಏನು ಹೇಳೋಣ? ಗಾಳಿಯಾಡದೆ ಕೊಳೆತರೆ ಮಿಥೇನ್ ಹೊರಡುತ್ತದೆ, ಅದೂ ಇಂಗಾಲದ ಡೈಆಕ್ಸೈಡಿನ 27 ಪಟ್ಟು ಬಲದ್ದು. ಅದೇ ಕೊಳೆಯುವಿಕೆಯನ್ನು ತೊಟ್ಟಿಯೊಳಗೆ, ಸಗಣಿಯೊಡನೆ ಬೆರೆಸಿ ನಡೆಸಿದರೆ ಬಯೋಗ್ಯಾಸ್ ಸಿಗುತ್ತದೆ. ಸಾರಜನಕ ಹೆಚ್ಚಾದ್ದರಿಂದ ಅದನ್ನೊಂದನ್ನೇ ಹಾಕಬಾರದು, ಅಮೋನಿಯಾ ಏರಿ ತೊಟ್ಟಿ ಕೆಲಸ ನಿಲ್ಲಿಸುತ್ತದೆ. ಜೀವಂತ ಕೋಳಿಯ ಬದಲು ಕತ್ತರಿಸಿ ಶೀತಲಪೆಟ್ಟಿಗೆಯಲ್ಲಿ ತನ್ನಿ ಎನ್ನುವವರೂ ನೆನಪಿಡಬೇಕು: ಹಳೆಯ ಶೀತಲಯಂತ್ರಗಳಲ್ಲಿರುವ ಆರ್–404ಎ ಅನಿಲ ಒಂದು ಕೆ.ಜಿ. ಸೋರಿದರೆ ಸುಮಾರು 3,900 ಕೆ.ಜಿ. ಇಂಗಾಲದ ಡೈಆಕ್ಸೈಡಿಗೆ ಸಮ.

ದೇವಿಮನೆ ತಿರುವು (ಶಿರಸಿ)
ನಮ್ಮ ಹೆಸರಿನ ತಿರುವಿನಲ್ಲಿಯೇ ಎಸೆಯುತ್ತಾರೆ, ಸ್ವಾಮಿ. ಅನಿಲ ಆಮೇಲಾಯಿತು, ಮೊದಲು ಆ ವಾಸನೆಯನ್ನು ನಿಲ್ಲಿಸಿ.

ಬನವಾಸಿ ದಾರಿ (ಶಿರಸಿ)
ಎಲ್ಲರ ಉತ್ತರವನ್ನೂ ಓದಿದೆ, ಉಪಕಾರವಾಯಿತು. ಈಗ ನನ್ನ ನಿಜವಾದ ಸಂಕಟ ಬೇರೆಯಾಗಿದೆ. ಮುಕ್ಕಾಲು ಪಾಲಿನ ಹತ್ತಿರ ಬರುವ ಅನಿಲ ಫೀಡಿನ ಚೀಲದಲ್ಲಿಯೇ ಶೆಡ್ಡಿಗೆ ಬಂದಿಳಿಯುತ್ತದೆ. ಆ ಚೀಲದಲ್ಲಿ ಏನಿದೆ, ಎಲ್ಲಿಯ ಕಾಳು, ಎಷ್ಟು ಹಿಂಡಿ ಎಂದು ನನಗೆ ಯಾರೂ ಹೇಳುವುದಿಲ್ಲ, ಬೇರೆ ಚೀಲ ತರುವ ಸ್ವಾತಂತ್ರ್ಯವೂ ಒಪ್ಪಂದದಲ್ಲಿ ಇಲ್ಲ. ಹೀಗಿರುವಾಗ ಲೆಕ್ಕದ ಹಾಳೆಯ ಮೇಲೆ ಶೆಡ್ಡಿನವನ ಸಹಿ ಮಾತ್ರ ಏಕೆ?

ನಿವೃತ್ತ ಪಶುವೈದ್ಯ (ಕುಮಟಾ)
ಈ ಚರ್ಚೆಯಲ್ಲಿ ಬಂದ ಅತಿ ಮುಖ್ಯ ಪ್ರಶ್ನೆ ಇದು. ಹಾಳೆಯನ್ನು ಎರಡು ಭಾಗ ಮಾಡಿಕೊಡುವಂತೆ ಲಿಖಿತವಾಗಿ ಕೇಳಿ. ಫೀಡ್ ಗಿರಣಿಯ ಭಾಗ ಅವರದು: ಸಾರಜನಕದ ವಿಷಯದಲ್ಲಿ ಅವರು ಮಾಡಬಹುದಾದದ್ದು ಬಹಳವಿದೆ. ಅಮೈನೊ ಆಮ್ಲಗಳಾದ ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್‌ಗಳನ್ನು ಪ್ರತ್ಯೇಕವಾಗಿ ಸೇರಿಸಿ ಒಟ್ಟು ಪ್ರೋಟೀನಿನ ಪ್ರಮಾಣವನ್ನು ಇಳಿಸಿದರೆ ಸೋಯಾ ಹಿಂಡಿ ಕಡಿಮೆ ಸಾಕು, ಹಿಕ್ಕೆಯಲ್ಲಿ ಹೋಗುವ ಸಾರಜನಕವೂ ಇಳಿಯುತ್ತದೆ, ನಿಮ್ಮ ಹಾಸಿನ ಅಮೋನಿಯಾವೂ ಇಳಿಯುತ್ತದೆ. ಎಥನಾಲ್ ಕಾರ್ಖಾನೆಗಳ ಒಣಗಿಸಿದ ಚರಟವನ್ನು ಬೆರೆಸುವುದಾದರೆ ಅಫ್ಲಾಟಾಕ್ಸಿನ್ ಪರೀಕ್ಷೆ ಮಾಡಿಸಿಯೇ ಬೆರೆಸಬೇಕು. ಎಫ್‌ಸಿಆರ್, ಸಾವು, ಗ್ಯಾಸು, ಕರೆಂಟು, ಗೊಬ್ಬರ ಇವು ನಿಮ್ಮ ಭಾಗ, ಇವಕ್ಕೆ ಸಹಿ ಹಾಕಿ.

ಹಾಗೆಯೇ ಐದು ಸಾವಿರದ ಗಡಿಯನ್ನು ನೆನಪಿಡಿ. ಅದನ್ನು ದಾಟಿದ ಫಾರಂಗಳು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕೆಂದು ಕೇಂದ್ರ ಮಂಡಳಿಯ ಮಾರ್ಗಸೂಚಿ ಇದೆ, ಶೆಡ್ ದೊಡ್ಡದು ಮಾಡುವ ಯೋಚನೆಯಿದ್ದರೆ ಕಾಗದಪತ್ರ ಮೊದಲು ನೋಡಿಕೊಳ್ಳಿ.

ಗೋವಿನಜೋಳದ ಹೊಲ (ಹಾವೇರಿ)
ಗಿರಣಿಯ ಭಾಗದೊಳಗೆ ಹೊಲದ ಭಾಗವೂ ಇದೆ ಎಂಬುದನ್ನು ಕಂಪನಿಗೆ ಬರೆಯುವ ಪತ್ರದಲ್ಲಿ ಸೇರಿಸಿ. ಯೂರಿಯಾ ಕಡಿಮೆ ಹಾಕಿದ ರೈತನ ಕಾಳನ್ನು ಬೇರೆಯಾಗಿ ತೂಗಿ ಕೊಳ್ಳುತ್ತೀರಾ ಎಂದು ಒಂದು ಸಾಲು ಸಾಕು.

ಪರದೆ ಎತ್ತುವವಳು (ಮುಂಡಗೋಡ)
ಎಫ್‌ಸಿಆರ್ ಇಳಿದಾಗ ಉಳಿಯುವ ಇಪ್ಪತ್ತು ಚೀಲದ ಹಣ ಕಂಪನಿಗೆ ಉಳಿಯುತ್ತದೆ, ನಮಗೆ ಬರುವ ಪ್ರೋತ್ಸಾಹಧನ ಅದರ ಒಂದು ತುಣುಕು. ನಿಪ್ಪಲ್ ಲೈನು, ಅಟ್ಟಣಿಗೆ, ಸುಣ್ಣ ಎಲ್ಲದರ ಖರ್ಚು ಮಾತ್ರ ನಮ್ಮದು. ಪತ್ರದಲ್ಲಿ ಇದನ್ನೂ ಬರೆಯಿರಿ, ನಮ್ಮ ಕಡೆಯ ಶೆಡ್ಡಿನವರೂ ಸಹಿ ಹಾಕುತ್ತೇವೆ.

ಬನವಾಸಿ ದಾರಿ (ಶಿರಸಿ)
ಪತ್ರದ ಕರಡನ್ನು ಭಾನುವಾರ ಇಲ್ಲಿಯೇ ಹಾಕುತ್ತೇನೆ, ತಿದ್ದಿಕೊಡಿ. ನಿಪ್ಪಲ್ ಲೈನಿಗೆ ಅಕ್ಕನವರು ಯಾರಿಂದ ಕೆಲಸ ಮಾಡಿಸಿದ್ದೆಂದು ಖಾಸಗಿಯಾಗಿ ತಿಳಿಸಿದರೆ ಉಪಕಾರ.

ಸೋಂದೆಯ ತೋಟ (ಶಿರಸಿ)
ನನ್ನ ಖಾತೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಅದಿರಲಿ, ಬನವಾಸಿಯವರೇ, ಈ ಬ್ಯಾಚಿನ ಗೊಬ್ಬರ ಒಣಗಿದ್ದರೆ ಒಂದು ಲಾರಿ ನಮಗೆ ಇಟ್ಟಿರಿ. ದರ ಹೋದ ಸಲದ್ದೇ ತಾನೇ?